ಮಿಡ್‌ಟರ್ಮ್ ರಜೆ: ಊರಿಗೆ ಹೋಗೋದಾ, ಪುಣೆಯಲ್ಲೇ ಇರೋದಾ, ಸುತ್ತಾಡೋದಾ?

ಮಿಡ್‌ಟರ್ಮ್ ಪರೀಕ್ಷೆಯ ಕೊನೆಯ ಪೇಪರ್ ಹತ್ತಿರ ಬರುತ್ತಿದ್ದಂತೆ ಪುಣೆಯಲ್ಲಿ ಓದುವ ನಮ್ಮ ಕಡೆಯ ಮಕ್ಕಳು ಕೇಳುವುದು ಒಂದೇ ಮಾತು: "ಮೇಡಂ, ಐದು ದಿನ ಸೂಟಿ ಅದ. ಊರಿಗೆ ಹೋಗಿ ಬರ್ಲ್ಯಾ, ಇಲ್ಲೇ ಇರ್ಲ್ಯಾ?" ನಾನು ಇಲ್ಲಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಧಾರವಾಡದ ಕಡೆಯವಳು. ಬೆಳಗಾವಿ, ವಿಜಯಪುರ, ಕಲಬುರಗಿ, ಉಡುಪಿಯಿಂದ ಬಂದ ಹುಡುಗ ಹುಡುಗಿಯರು ನಮ್ಮ ಮನೆಗೂ ಬಂದು ಹೋಗುತ್ತಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ರಜೆಯಲ್ಲಿ ಸೆಲ್ಫ್ ಕೇರ್, ಅಂದರೆ ನಮ್ಮ ಮೈ ಮನಸ್ಸು ನಾವೇ ನೋಡಿಕೊಳ್ಳುವುದು, ಅಂದ ಕೂಡಲೇ ಫೇಸ್‌ಪ್ಯಾಕು, ಕೆಫೆ, ಬೀಚಿನ ಫೋಟೋ ಕಣ್ಣ ಮುಂದೆ ಬರುತ್ತವೆ. ಅವು ಬೇಡ ಅನ್ನುವುದಿಲ್ಲ. ಆದರೆ ನಾಲ್ಕೈದು ದಿನದ ರಜೆ ಬಹಳ ಚಿಕ್ಕದು. ಅದನ್ನು ಎಲ್ಲಿ ಹಾಕುತ್ತೀರಿ ಅನ್ನೋದು ಸ್ವಲ್ಪ ಯೋಚಿಸಿ ಮಾಡಬೇಕಾದ ಕೆಲಸ. ನಾನು ಇಟ್ಟುಕೊಂಡಿರುವ ಅಳತೆ ಒಂದೇ: ರಜೆ ಮುಗಿದು ಮೊದಲ ಲೆಕ್ಚರಿಗೆ ಕೂತಾಗ ನೀವು ಹೇಗಿರುತ್ತೀರಿ? ಕಣ್ಣು ಬಿಟ್ಟುಕೊಂಡು ಕೂರಲು ಆಗುತ್ತದೆಯೇ?

ಮೊದಲು ಯಾವ ದಣಿವು ನೋಡಿ

ಪರೀಕ್ಷೆಗಾಗಿ ವಾರಗಟ್ಟಲೆ ರಾತ್ರಿ ಎರಡಕ್ಕೆ ಮಲಗಿ ಏಳಕ್ಕೆ ಎದ್ದವರ ತಲೆ ಮೇಲೆ ನಿದ್ದೆಯ ಸಾಲ ಇರುತ್ತದೆ. ಮೊದಲ ವರ್ಷದವರನ್ನು ಹೆಚ್ಚಾಗಿ ಕಾಡುವುದು ಒಂಟಿತನ. ಬೆಳಿಗ್ಗೆಯಿಂದ ರಾತ್ರಿವರೆಗೆ ಹಿಂದಿ, ಇಂಗ್ಲಿಷು, ಅರ್ಧಂಬರ್ಧ ಮರಾಠಿ. ಮನಸ್ಸು ಬಿಚ್ಚಿ ಕನ್ನಡದಲ್ಲಿ ಮಾತಾಡಿ ಎಷ್ಟೋ ದಿನ ಆಗಿರುತ್ತದೆ. ಕೆಲವರಿಗೆ ಕೂತು ಕೂತು ಮೈ ಜಡ. ಇನ್ನು ಕೆಲವರಿಗೆ ಬರೆಯದೇ ಬಿಟ್ಟ ಅಸೈನ್‌ಮೆಂಟು, ಅರ್ಥವಾಗದೇ ಉಳಿದ ಅಧ್ಯಾಯ ಎದೆ ಮೇಲೆ ಕೂತಿರುತ್ತವೆ.

ಗೊತ್ತು ಮಾಡಿಕೊಳ್ಳಲು ಸುಲಭದ ದಾರಿ ಇದೆ. ಕೊನೆಯ ಪೇಪರ್ ಬರೆದ ಮಧ್ಯಾಹ್ನ ಊಟ ಮಾಡಿ, ಫೋನು ದೂರ ಇಟ್ಟು ಮಲಗಿ. ತಲೆ ಇಟ್ಟ ಕೂಡಲೇ ನಿದ್ದೆ ಹತ್ತಿ, ಎದ್ದಾಗ ಹೊರಗೆ ಕತ್ತಲಾಗಿದ್ದರೆ ನಿದ್ದೆಯದೇ ಕೊರತೆ. ನಿದ್ದೆ ಬರದೆ ಅವ್ವನಿಗೆ ಫೋನ್ ಮಾಡಬೇಕು ಅನ್ನಿಸಿದರೆ ಜನ ಬೇಕಾಗಿದ್ದಾರೆ. ಬಾಕಿ ಕೆಲಸದ ಪಟ್ಟಿಯೇ ತಲೆಯಲ್ಲಿ ತಿರುಗುತ್ತಿದ್ದರೆ ಅದು ಚಿಂತೆ. ನಿದ್ದೆಗೆಟ್ಟವರಿಗೆ ಗೋವಾ ಔಷಧಿ ಅಲ್ಲ. ಊರ ನೆನಪಲ್ಲಿ ಕೊರಗುವವರಿಗೆ ರೂಮಿನಲ್ಲಿ ಒಬ್ಬರೇ ಮಲಗುವುದೂ ಔಷಧಿ ಅಲ್ಲ.

ಊರಿಗೆ ಹೋಗುವುದು

ನಮ್ಮವರಲ್ಲಿ ಜಾಸ್ತಿ ಜನ ಆರಿಸಿಕೊಳ್ಳುವುದು ಇದನ್ನೇ. ಜನರಿಗಾಗಿ ಹಂಬಲಿಸುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕೈತಟ್ಟಿ ಮಾಡಿದ ಬಿಸಿ ರೊಟ್ಟಿ, ಪುಂಡಿಪಲ್ಯ, ಪಕ್ಕದಲ್ಲಿ ಕೂತು "ಇನ್ನೊಂದು ಹಾಕಲೇನು" ಅನ್ನುವ ಅವ್ವ. ಮೆಸ್ಸಿನ ಊಟ ತಿಂದು ತಿಂದು ಬಾಯಿ ಕೆಟ್ಟವರಿಗೆ ಇದು ಮೈಗೂ ಮನಸ್ಸಿಗೂ ಒಟ್ಟಿಗೆ ಹತ್ತುತ್ತದೆ. ವಾಪಸ್ ಬರುವಾಗ ಬ್ಯಾಗಿನಲ್ಲಿ ಹಳೇ ಪಂಜೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಒತ್ತಿ ತುಂಬಿದ ಶೇಂಗಾ ಹಿಂಡಿ, ಮೇಲೊಂದು ಪ್ಲಾಸ್ಟಿಕ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದದ್ದು. ಮುಂದಿನ ಎರಡು ವಾರ ರೂಮ್‌ಮೇಟುಗಳಿಗೂ ಹಬ್ಬ.

ಆದರೆ ದಾರಿಯ ಲೆಕ್ಕ ಮೊದಲೇ ಹಾಕಿ. ಪುಣೆಯಿಂದ ಬೆಳಗಾವಿ ಸುಮಾರು 340 ಕಿಲೋಮೀಟರ್. ಸಾತಾರ, ಕೊಲ್ಹಾಪುರ, ನಿಪ್ಪಾಣಿ ದಾಟಿ ಹೋಗುವ ಹೆದ್ದಾರಿ. ಇದಕ್ಕೆ ಐದು ದಿನ ಸಾಕು. ಹುಬ್ಬಳ್ಳಿ, ಧಾರವಾಡದವರಿಗೂ ಸಾಕು. ಕಲಬುರಗಿಯವರು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹಗಲಿನಲ್ಲೇ ಸೋಲಾಪುರ ದಾಟಿ ಊರು ಸೇರಬಹುದು. ಉಡುಪಿ, ಕುಂದಾಪುರದವರ ಕಷ್ಟ ಬೇರೆ. ಕೊಂಕಣ ದಾರಿಯ ಹೆಚ್ಚಿನ ರೈಲುಗಳು ಪನ್ವೇಲ್ ಮೇಲಿಂದ ಹೋಗುತ್ತವೆ, ಹಾಗಾಗಿ ಮೊದಲು ಅಲ್ಲಿಗೆ ಹೋಗಿ ಹಿಡಿಯಬೇಕು. ಮೈಸೂರು, ಬೆಂಗಳೂರಿನವರಿಗೆ ಒಂದು ಕಡೆಗೇ ಪೂರಾ ರಾತ್ರಿ ಮತ್ತು ಇನ್ನೂ ಸ್ವಲ್ಪ ಬೇಕು. ಹೋಗಿ ಬರುವ ದಾರಿಗೇ ರಜೆಯ ಮೂರನೇ ಒಂದು ಪಾಲು ಖರ್ಚಾಗುತ್ತದೆ ಅಂದರೆ ನಾನು ಬೇಡ ಅನ್ನುತ್ತೇನೆ, ದೀಪಾವಳಿಯ ದೊಡ್ಡ ರಜೆಗೆ ಇಟ್ಟುಕೊಳ್ಳಿ ಅಂತ.

ರಾತ್ರಿ ಬಸ್ಸಾ, ಹಗಲು ರೈಲಾ ಅನ್ನುವುದನ್ನೂ ತೂಗಿ ನೋಡಿ. "ರಾತ್ರಿ ಬಸ್ಸಿಗೆ ಹೋದರೆ ದಿನ ಉಳಿಯುತ್ತೆ" ಅನ್ನುತ್ತಾರೆ ಎಲ್ಲರೂ. ಉಳಿಯುವುದು ನಿಜ. ಆದರೆ ಸ್ವಾರ್‌ಗೇಟಿನಲ್ಲಿ ರಾತ್ರಿ ಹತ್ತೂವರೆಗೆ ಹತ್ತಿ, ನಡುರಾತ್ರಿ ಢಾಬಾ ಮುಂದೆ ಲೈಟು ಹಾಕಿ ಎಬ್ಬಿಸಿಕೊಂಡು, ನಸುಕಿನಲ್ಲಿ ಇಳಿದವರಿಗೆ ಮರುದಿನ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಮೊದಲೇ ನಿದ್ದೆಯ ಸಾಲ ಇದ್ದವರು ಇದರ ಮೇಲೆ ಇನ್ನೊಂದು ರಾತ್ರಿ ಹೊರಿಸಿಕೊಳ್ಳಬಾರದು. ಹಗಲು ಹೋಗಿ. 2024ರ ಸೆಪ್ಟೆಂಬರಿನಿಂದ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಓಡುತ್ತಿದೆ, ಸಾಂಗ್ಲಿ, ಮೀರಜ್, ಬೆಳಗಾವಿ, ಧಾರವಾಡದ ಮೇಲೆ. ದಿನಾಲೂ ಇಲ್ಲ, ನಿಮ್ಮ ದಿನ ಇದೆಯಾ ನೋಡಿಕೊಳ್ಳಿ. ಟಿಕೆಟು ದುಬಾರಿ ಅನ್ನಿಸಿದರೆ ಗೋವಾ ಎಕ್ಸ್‌ಪ್ರೆಸ್, ಚಾಲುಕ್ಯ ಎಕ್ಸ್‌ಪ್ರೆಸ್ ಕೂಡ ಬೆಳಗಾವಿ ಮೇಲೆಯೇ ಹೋಗುತ್ತವೆ, ಹೊತ್ತು ಮಾತ್ರ ನೋಡಿಕೊಳ್ಳಿ.

ಈಗ ರೈಲು ಟಿಕೆಟು 60 ದಿನ ಮೊದಲಷ್ಟೇ ತೆರೆಯುತ್ತದೆ. ಪರೀಕ್ಷೆಯ ವೇಳಾಪಟ್ಟಿ ಕೈಗೆ ಬಂದ ದಿನವೇ ಮಾಡಿಸಿಬಿಡಿ. ತಪ್ಪಿದರೆ ತತ್ಕಾಲ್: ಹಿಂದಿನ ದಿನ ಎ.ಸಿ.ಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಖಾತೆಯನ್ನು ಆಧಾರ್ ಜೊತೆ ಜೋಡಿಸಿರಲೇಬೇಕು. ಹಬ್ಬದ ಹೊತ್ತಿನಲ್ಲಿ ಖಾಸಗಿ ಬಸ್ಸಿನವರು ಕೇಳಿದಷ್ಟು ಕೊಡಬೇಡಿ. ಎಸ್‌ಟಿ, ಅಂದರೆ ಮಹಾರಾಷ್ಟ್ರದ ಸರ್ಕಾರಿ ಬಸ್ಸಿನ ದರದ ಒಂದೂವರೆ ಪಟ್ಟಿಗಿಂತ ಜಾಸ್ತಿ ವಸೂಲಿ ಮಾಡಬಾರದು ಅಂತ ಮಹಾರಾಷ್ಟ್ರ ಸರ್ಕಾರದ 2018ರ ಆದೇಶವೇ ಇದೆ.

ಊರು ಸೇರಿದ ಮೇಲಿನ ಮಾತು ಇನ್ನೊಂದಿದೆ. ಮನೆ ಅಂದರೆ ವಿಶ್ರಾಂತಿ ಅಂತ ನಾವೇ ಅಂದುಕೊಳ್ಳುತ್ತೇವೆ. ಮನೆಯವರು ಅಂದುಕೊಂಡಿರುವುದು ಬೇರೆ. ಮಗಳು ಬಂದಳು, ಅಟ್ಟ ಸ್ವಚ್ಛ ಮಾಡೋಣ. ಮಗ ಬಂದ, ಗ್ಯಾಸಿನ ಕೆಲಸ, ಬ್ಯಾಂಕಿನ ಕೆಲಸ ಮುಗಿಸೋಣ. ಸಂಜೆಗೆ ಚಿಕ್ಕಪ್ಪ ಬಂದು "ಎಷ್ಟು ಪರ್ಸೆಂಟು?" ಕೇಳುತ್ತಾರೆ. ಹುಡುಗಿಯರಿಗಂತೂ ಹಬ್ಬದ ಅಡುಗೆಮನೆಯಲ್ಲೇ ರಜೆ ಮುಗಿಯುತ್ತದೆ. ಇದು ಸರಿಯಲ್ಲ, ಮತ್ತು ಬಾಯಿಬಿಟ್ಟು ಹೇಳದಿದ್ದರೆ ಬದಲಾಗುವುದೂ ಇಲ್ಲ. ಹೊರಡುವ ಎರಡು ದಿನ ಮೊದಲು ಫೋನಿನಲ್ಲೇ ಹೇಳಿಬಿಡಿ: "ಅವ್ವ, ಬಹಳ ದಣಿದೇನಿ. ಬಂದ ಮೊದಲ ದಿನ ಮಲಗತೀನಿ, ಎಬ್ಬಿಸಬ್ಯಾಡ. ಮರುದಿನದಿಂದ ನಿನ್ನ ಜೋಡಿ ಇರ್ತೀನಿ." ಮೊದಲೇ ಕೇಳಿದ್ದರೆ ಯಾವ ತಾಯಿಗೂ ಬೇಜಾರಾಗುವುದಿಲ್ಲ. ಬಂದ ಮೇಲೆ ಮುಖ ಸಿಂಡರಿಸಿ ಮಲಗಿದರೆ ಮಾತ್ರ ಬೇಜಾರಾಗುತ್ತದೆ.

ಕೆಲವರ ಮನೆಯಲ್ಲಿ ಜಗಳ, ಕುಡಿತ, ಮದುವೆಯ ಒತ್ತಾಯ ಇರುತ್ತದೆ. ಅಂಥವರು ಊರಿಗೆ ಹೋಗದಿದ್ದರೆ ತಪ್ಪು ಅಂತ ಯಾರೂ ಅಂದುಕೊಳ್ಳಬೇಕಾಗಿಲ್ಲ. ಅವರಿಗೂ ರಜೆ ಬೇಕು, ಅದು ಇನ್ನೊಂದು ಕಡೆ ಸಿಗುತ್ತದೆ, ಅಷ್ಟೇ.

ರೂಮಿನಲ್ಲೇ ಉಳಿಯುವುದು

ನಿದ್ದೆಗೆಟ್ಟವರಿಗೆ ನಾನು ಮೊದಲು ಹೇಳುವುದು ಇದನ್ನು. ಖರ್ಚಿಲ್ಲ, ದಾರಿ ಸವೆಸಬೇಕಾಗಿಲ್ಲ, ರೂಮ್‌ಮೇಟು ಊರಿಗೆ ಹೋಗಿದ್ದರೆ ರೂಮೂ ಖಾಲಿ. ಆದರೆ ಉಳಿಯುವುದಕ್ಕೂ ತಯಾರಿ ಬೇಕು. ತಯಾರಿ ಇಲ್ಲದೆ ಉಳಿದವರು ಐದು ದಿನ ಹಾಸಿಗೆಯಲ್ಲಿ ರೀಲ್ಸ್ ನೋಡಿ, ಮೊದಲಿಗಿಂತ ಸೊರಗಿ ಕ್ಲಾಸಿಗೆ ಬರುತ್ತಾರೆ.

ಮೊದಲನೆಯದು ಊಟ. ಹಬ್ಬದ ರಜೆಯಲ್ಲಿ ಮೆಸ್ಸು, ಡಬ್ಬಾದವರು ಬಾಗಿಲು ಹಾಕಿ ತಮ್ಮ ಊರಿಗೆ ಹೋಗುತ್ತಾರೆ. ದೀಪಾವಳಿ, ಭಾವುಬೀಜಿನ ದಿನಗಳಲ್ಲಿ ಚಿಕ್ಕ ಖಾನಾವಳಿಗಳೂ ಮುಚ್ಚಿರುತ್ತವೆ. ಎಷ್ಟು ದಿನ ಬಂದ್ ಅಂತ ಡಬ್ಬಾದ ಮಾವಶಿಯನ್ನು ಮೊದಲೇ ಕೇಳಿ. ಅವಲಕ್ಕಿ, ಶೇಂಗಾ, ಹೆಸರುಬೇಳೆ, ಅಕ್ಕಿ, ಮೊಸರು, ಬಾಳೆಹಣ್ಣು ತಂದಿಟ್ಟುಕೊಳ್ಳಿ. ಎಲೆಕ್ಟ್ರಿಕ್ ಕುಕ್ಕರ್ ಇದ್ದರೆ ಖಿಚಡಿಗೆ ಇಪ್ಪತ್ತೈದು ನಿಮಿಷ. ಹೊತ್ತಿಗೆ ಸರಿಯಾಗಿ ಉಣ್ಣದವರಿಗೆ ಯಾವ ವಿಶ್ರಾಂತಿಯೂ ಮೈಗೆ ಹತ್ತುವುದಿಲ್ಲ.

ಎರಡನೆಯದು ನಿದ್ದೆ. 18ರಿಂದ 25ರ ವಯಸ್ಸಿನವರಿಗೆ ರಾತ್ರಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಮೊದಲ ಎರಡು ದಿನ ಮೈ ಕೇಳಿದಷ್ಟು ಮಲಗಿ, ಅಡ್ಡಿಯಿಲ್ಲ. ಮೂರನೇ ದಿನದಿಂದ ಏಳುವ ಹೊತ್ತು ಹಿಡಿತಕ್ಕೆ ಬರಲಿ. ಕಾಲೇಜಿನ ದಿನ ಏಳುವ ಹೊತ್ತಿಗಿಂತ ಒಂದು ಗಂಟೆ ತಡವಾದರೆ ಸರಿ, ನಾಲ್ಕು ಗಂಟೆ ತಡ ಬೇಡ. ಮಧ್ಯಾಹ್ನ ಹನ್ನೆರಡಕ್ಕೆ ಎದ್ದರೆ ರಾತ್ರಿ ಮೂರರವರೆಗೆ ಕಣ್ಣು ಮುಚ್ಚುವುದಿಲ್ಲ, ಮೈಯೊಳಗಿನ ಗಡಿಯಾರವೇ ಮುಂದೆ ಸರಿದುಬಿಡುತ್ತದೆ. ಎದ್ದ ಕೂಡಲೇ ಗ್ಯಾಲರಿಗೋ ತಾರಸಿಗೋ ಬಂದು ಬಿಸಿಲಿಗೆ ಮುಖ ಒಡ್ಡಿದರೆ ಅದು ಬೇಗ ಸರಿಯಾಗುತ್ತದೆ. ಚಹಾ, ಕಾಫಿ ಮಧ್ಯಾಹ್ನದ ಮೇಲೆ ಕಡಿಮೆ ಮಾಡಿ. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಒಳಗಿರುತ್ತದೆ.

ರೂಮನ್ನೂ ಒಂದು ಕೈ ನೋಡಿ. ಪರೀಕ್ಷೆ ಮುಗಿಯುವಾಗ ಬಕೆಟಿನಲ್ಲಿ ನೆನೆಹಾಕಿ ಮರೆತ ಬಟ್ಟೆ ವಾಸನೆ ಬರುತ್ತಿರುತ್ತದೆ, ಮೇಜಿನ ಮೇಲೆ ಝೆರಾಕ್ಸ್ ನೋಟ್ಸು, ಅದರ ಮೇಲೆ ಚಹಾ ಕಪ್ಪಿನ ಕಲೆ, ಮ್ಯಾಗಿ ಪಾಕೀಟು. ಒಂದು ಬೆಳಿಗ್ಗೆ ಇದನ್ನು ಮುಗಿಸಿ, ಚಾದರ ಬದಲಿಸಿ, ಕಿಟಕಿ ತೆಗೆದಿಡಿ. ಆ ರಾತ್ರಿಯ ನಿದ್ದೆಯೇ ಬೇರೆ.

ಗಣಪತಿ ಹಬ್ಬದ ಹೊತ್ತಿಗೆ ರಜೆ ಬಂದರೆ, ಮತ್ತು ನಿಮ್ಮ ರೂಮು ಸದಾಶಿವ ಪೇಠ, ನಾರಾಯಣ ಪೇಠದ ಕಡೆ ಇದ್ದರೆ, ನಿದ್ದೆಯ ಆಸೆ ಬಿಡಿ. ಹಬ್ಬಕ್ಕೆ ಎಷ್ಟೋ ವಾರ ಮೊದಲೇ ಢೋಲ್–ತಾಶಾ ಬಾರಿಸುವ ತಂಡಗಳ ತಾಲೀಮು ಶುರುವಾಗಿರುತ್ತದೆ. ಹತ್ತು ದಿನದ ಸಂಭ್ರಮ ನೋಡಲೇಬೇಕಾದದ್ದು, ಕಸಬಾ ಗಣಪತಿಯಿಂದ ಶುರುವಾಗಿ ಐದು ಮಾನಾಚೆ (ಮೊದಲ ಮರ್ಯಾದೆಯ) ಗಣಪತಿಗಳ ದರ್ಶನ ಮಾಡಿ ಬನ್ನಿ. ಮಲಗಲು ಮಾತ್ರ ಔಂಧ್, ಕೋಥರೂಡಿನ ಕಡೆ ಗೆಳತಿಯ ರೂಮು ಸಿಕ್ಕರೆ ನೋಡಿ.

ಉಳಿದವರು ದಿನಕ್ಕೆ ಒಮ್ಮೆಯಾದರೂ ಒಬ್ಬರ ಜೊತೆ ಎದುರು ಕೂತು ಮಾತಾಡಬೇಕು. ಫರ್ಗ್ಯುಸನ್ ರಸ್ತೆಯ ವೈಶಾಲಿ ನಮ್ಮ ಕರಾವಳಿಯ ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ್ದು. ಬೆಳಿಗ್ಗೆ ಬೇಗ ಹೋದರೆ ಸಾಲು ಕಡಿಮೆ, ಇಡ್ಲಿ ಸಾಂಬಾರು ಬಿಸಿ ಇರುತ್ತದೆ. ಎರಂಡವಣೆಯ ಗಣೇಶನಗರದಲ್ಲಿ ಪುಣೆ ಕನ್ನಡ ಸಂಘದ ಶಾಲೆಗಳಿವೆ. ಸಂಘದ ಕಾರ್ಯಕ್ರಮ ಇದೆಯಾ ವಿಚಾರಿಸಿ, ಹೋಗಿ ಕೂತು ಬನ್ನಿ. ಎರಡು ಗಂಟೆ ಸುತ್ತಲೂ ಕನ್ನಡ ಕೇಳಿಸಿಕೊಂಡರೆ ಮೊದಲ ವರ್ಷದವರ ಮುಖವೇ ಬದಲಾಗುವುದನ್ನು ನಾನು ಕಂಡಿದ್ದೇನೆ.

ಗೆಳೆಯರ ಜೊತೆ ಹೊರಗೆ

ಗೋವಾ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹೋಗಲು ಹತ್ತು ಹನ್ನೆರಡು ಗಂಟೆಯ ಬಸ್ಸು, ಬರಲೂ ಅಷ್ಟೇ. ನಡುವೆ ರಾತ್ರಿ ಪೂರ್ತಿ ಎಚ್ಚರ. ಖರ್ಚು ಹಂಚುವಾಗ ಮುನಿಸು. ದುಡ್ಡಿಗಾಗಿ ಅಪ್ಪನ ಹತ್ತಿರ ಏನೋ ಒಂದು ಸುಳ್ಳು. ಸೆಮಿಸ್ಟರ್ ಮುಗಿದ ಮೇಲೆ ಹೋಗಿ, ಚೆನ್ನಾಗಿರುತ್ತದೆ. ಮಿಡ್‌ಟರ್ಮಿಗೆ ಬೇಡ.

ಒಂದೇ ದಿನದಲ್ಲಿ ಹೋಗಿ ಬರುವ ಬೆಟ್ಟಗಳು ಇದಕ್ಕಿಂತ ಎಷ್ಟೋ ವಾಸಿ, ಅದರಲ್ಲೂ ಕೂತು ಮೈ ಜಡವಾದವರಿಗೆ. ಸಿಂಹಗಡ ಪುಣೆಯಿಂದ ಸುಮಾರು 30 ಕಿಲೋಮೀಟರ್. ಬುಡದವರೆಗೆ ಸಿಟಿ ಬಸ್ಸು ಹೋಗುತ್ತದೆ. ಅಲ್ಲಿಂದ ಕಾಲುದಾರಿಯಲ್ಲಿ ಹತ್ತಿದರೆ ಅಭ್ಯಾಸ ಇಲ್ಲದವರಿಗೆ ಒಂದೂವರೆಯಿಂದ ಎರಡು ಗಂಟೆ. 1670ರಲ್ಲಿ ತಾನಾಜಿ ಮಾಲುಸರೆ ಪ್ರಾಣ ಕೊಟ್ಟು ಗೆದ್ದ ಕೋಟೆ ಇದು. ಮೇಲೆ ಹೆಣ್ಣುಮಕ್ಕಳು ಒಲೆ ಹೊತ್ತಿಸಿಕೊಂಡು ಕೂತಿರುತ್ತಾರೆ. ಬಿಸಿ ಪಿಠಲ, ಭಾಕರಿ, ಹಸಿಮೆಣಸಿನ ಠೇಚಾ, ಚಿಕ್ಕ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಝುಣಕ ರೊಟ್ಟಿ ಉಂಡು ಬೆಳೆದವರಿಗೆ ಇಲ್ಲಿ ಊರು ಸಿಕ್ಕಂತಾಗುತ್ತದೆ. ಭಾನುವಾರ ಮಾತ್ರ ಹೋಗಬೇಡಿ, ದಾರಿ ತುಂಬ ಜನ.

ಇನ್ನೂ ಸಮಾಧಾನ ಬೇಕು ಅಂದರೆ ಲೋಣಾವಳಾ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿಯಿರಿ. ಎರಡು ಸಾವಿರ ವರ್ಷಕ್ಕೂ ಹಳೆಯ ಭಾಜೆ ಗುಹೆಗಳು ಹತ್ತಿರದಲ್ಲೇ ಇವೆ. ಮುಂದಕ್ಕೆ ಲೋಹಗಡ. 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮರಾಠರ 12 ಕೋಟೆಗಳಲ್ಲಿ ಇದೂ ಒಂದು. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಹರಿಯುವ ನೀರಿಗೆ ಇಳಿಯಬೇಡಿ.

ಅಷ್ಟು ದೂರವೂ ಬೇಡ ಅನ್ನುವವರಿಗೆ ಊರೊಳಗೇ ವೇತಾಳ ಟೇಕಡಿ ಇದೆ. ಹಳೇ ಕಲ್ಲುಗಣಿಯ ನೀರು, ನವಿಲಿನ ಕೂಗು, ಕೆಳಗೆ ಇಡೀ ಪುಣೆ. ಬೆಳಕು ಹರಿದ ಮೇಲೆ ಹೋಗಿ, ಕತ್ತಲಾಗುವ ಮೊದಲು ಇಳಿಯಿರಿ, ಜೊತೆಗೆ ಒಬ್ಬರಿರಲಿ. ಪರ್ವತಿ ಗುಡ್ಡದ ಮೆಟ್ಟಿಲುಗಳೂ ಆಗಬಹುದು. ದಿನಾ ಮುಕ್ಕಾಲು ಗಂಟೆ ಹತ್ತಿ ಇಳಿದರೆ ರಾತ್ರಿಯ ನಿದ್ದೆಗೆ ಬೇರೆ ಉಪಾಯವೇ ಬೇಡ.

ಕೆಲವರು ವಿಪಸ್ಸನಾ ಶಿಬಿರದ ಬಗ್ಗೆ ಕೇಳುತ್ತಾರೆ, ಇಗತ್ಪುರಿಯ ಧಮ್ಮಗಿರಿ ಮಹಾರಾಷ್ಟ್ರದಲ್ಲೇ ಇದೆಯಲ್ಲ ಅಂತ. ಅಲ್ಲಿ ಶುಲ್ಕ ಇಲ್ಲ, ನಿಜ. ಆದರೆ ಹೊಸಬರಿಗೆ 10 ದಿನದ ಮೌನ ಶಿಬಿರ, ನಡುವೆ ಎದ್ದು ಬರುವ ಹಾಗಿಲ್ಲ. ಮಿಡ್‌ಟರ್ಮಿನ ಅಳತೆಗೆ ಅದು ಕೂರುವುದಿಲ್ಲ. ಮನಸ್ಸು ತೀರಾ ಕದಡಿದಾಗ ವೈದ್ಯರನ್ನು ಕೇಳದೆ ಅಂಥ ಶಿಬಿರಕ್ಕೆ ಹೋಗುವುದೂ ಬೇಡ.

ಬಾಕಿ ಓದು ಮುಗಿಸುವುದು

ಇದನ್ನು ಸೆಲ್ಫ್ ಕೇರ್ ಅಂದರೆ ಮಕ್ಕಳು ಒಪ್ಪುವುದಿಲ್ಲ. ಚಿಂತೆಯಿಂದ ದಣಿದವರಿಗೆ ಇದೇ ಮದ್ದು. ಎದೆ ಮೇಲಿನ ಭಾರ ಇಳಿಸದೆ ಎಲ್ಲಿಗೆ ಹೋದರೂ ಅದು ಜೊತೆಗೇ ಬರುತ್ತದೆ. ಆದರೆ ಇಡೀ ರಜೆ ಓದಿಗೇ ಕೊಡಬೇಡಿ. ಬೆಳಿಗ್ಗೆ ಒಂದೂವರೆ ಗಂಟೆ, ಅಷ್ಟೇ. ಪುಸ್ತಕ ಮುಚ್ಚಿಟ್ಟು, ಹಿಂದಿನ ದಿನ ಓದಿದ್ದನ್ನು ಹಾಳೆಯ ಮೇಲೆ ನೆನಪಿನಿಂದ ಬರೆದು ನೋಡಿ, ಆಮೇಲೆ ಹೊಸದಕ್ಕೆ ಹೋಗಿ. ಒಂದೇ ದಿನ ಎಂಟು ಗಂಟೆ ಕೂರುವುದಕ್ಕಿಂತ ನಾಲ್ಕು ದಿನಕ್ಕೆ ಹಂಚಿ ಓದಿದ್ದು ಜಾಸ್ತಿ ನೆನಪಿರುತ್ತದೆ. 1885ರಲ್ಲೇ ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ ಇದನ್ನು ತೋರಿಸಿದ್ದ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಹಾಗಾಗಿ ರಜೆಯಲ್ಲೂ ರಾತ್ರಿ ನಿದ್ದೆಗೆಟ್ಟು ಓದುವವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ದಿನ ನೋಡಿ ಜೋಡಿಸಿಕೊಳ್ಳಿ

ಮೂರು ದಿನ ಇದ್ದರೆ ಎಲ್ಲಿಗೂ ಹೋಗಬೇಡಿ. ಬೆಳಗಾವಿ, ನಿಪ್ಪಾಣಿ, ಸೋಲಾಪುರದ ಕಡೆಯವರಾದರೆ ಮಾತ್ರ ಊರು. ಉಳಿದವರು ಒಂದು ದಿನ ನಿದ್ದೆ, ಒಂದು ದಿನ ಬೆಟ್ಟ, ಒಂದು ದಿನ ಬಾಕಿ ಕೆಲಸ.

ಐದಾರು ದಿನಕ್ಕೆ ನನ್ನ ಆಯ್ಕೆ ಇದು: ಪರೀಕ್ಷೆ ಮುಗಿದ ರಾತ್ರಿಯೇ ಬಸ್ಸು ಹತ್ತದೆ ಒಂದು ರಾತ್ರಿ ರೂಮಿನಲ್ಲೇ ಗಡದ್ದಾಗಿ ಮಲಗಿ. ಮರುದಿನ ಹಗಲು ರೈಲಿಗೆ ಊರಿಗೆ ಹೋಗಿ, ಮೂರು ದಿನ ಇದ್ದು ಬನ್ನಿ. ಮನೆಯವರಿಗೂ ನಗುಮುಖದ ಮಗ ಮಗಳು ಸಿಗುತ್ತಾರೆ. ಒಂಬತ್ತು ಹತ್ತು ದಿನ ಸಿಕ್ಕರೆ ಕರಾವಳಿಯವರೂ ಮೈಸೂರಿನವರೂ ನಿಶ್ಚಿಂತೆಯಿಂದ ಹೋಗಿ ಬರಬಹುದು.

ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಆಸೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಇದು ರಜೆಯಿಂದ ಸರಿಹೋಗುವ ದಣಿವಲ್ಲ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡವೂ ಸೇರಿ ಹಲವು ಭಾಷೆಗಳಿವೆ. ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗಿ, ಅಥವಾ ನಂಬಿಕೆಯ ಟೀಚರ್ ಒಬ್ಬರ ಬಾಗಿಲು ಬಡಿಯಿರಿ. ರೂಮ್‌ಮೇಟು ಹೀಗಿದ್ದಾರೆ ಅನ್ನಿಸಿದರೆ ರಜೆಯಲ್ಲಿ ಅವರನ್ನು ಒಬ್ಬರೇ ಬಿಟ್ಟು ಹೋಗಬೇಡಿ. ಜೊತೆಗೆ ನಿಮ್ಮ ಊರಿಗೇ ಕರೆದುಕೊಂಡು ಹೋಗಿ.

ಇನ್ನು ವಾಪಸ್ ಟಿಕೆಟು. ಕಾಲೇಜು ಸೋಮವಾರ ಅಂದರೆ ಭಾನುವಾರ ರಾತ್ರಿಯ ಬಸ್ಸಿಗೆ ಮಾಡಿಸಬೇಡಿ, ಮನೆಯವರು ಎಷ್ಟೇ ಹೇಳಲಿ. ಭಾನುವಾರ ಮಧ್ಯಾಹ್ನದೊಳಗೆ ಪುಣೆಯಲ್ಲಿ ಇಳಿಯಿರಿ. ಬಟ್ಟೆ ತೆಗೆದಿಟ್ಟು, ವೇಳಾಪಟ್ಟಿ ನೋಡಿ, ರಾತ್ರಿ ರೊಟ್ಟಿಗೆ ಮೊಸರು ಹಚ್ಚಿಕೊಂಡು ತಿಂದು, ಹತ್ತೂವರೆಗೆ ದೀಪ ಆರಿಸಿ.